ಸೇತುವೆಯ ಪಕ್ಕದಲ್ಲೊಂದು ಸಣ್ಣ ದಾರಿ: ಶಿಮಾನಾಮಿ ಕೈಡೊದಲ್ಲಿ ಸೈಕಲ್

(ಬೆಂಗಳೂರಿನ ಸೈಕಲ್ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಫೋಟೊ ತೋರಿಸುತ್ತಾ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಕ್ಷೆ ನೋಡಿಬಿಡೋಣ. ಜಪಾನಿನ ದೊಡ್ಡ ದ್ವೀಪ ಹೊನ್ಶು. ಅದರ ಕೆಳಗೆ ಶಿಕೊಕು ಎನ್ನುವ ಇನ್ನೊಂದು ದ್ವೀಪ. ಎರಡರ ನಡುವೆ ಇರುವುದು ಸೆತೊ ಒಳಗಡಲು. ಮೂರು ಕಡೆ ನೆಲ ಸುತ್ತುವರಿದ, ಅಲೆ ಕಡಿಮೆ ಇರುವ, ಆದರೆ ಸೆಳೆತ ಭಯಂಕರ ಇರುವ ಸಮುದ್ರ. ಅದರಲ್ಲಿ 700ಕ್ಕೂ ಹೆಚ್ಚು ದ್ವೀಪಗಳು. ಹೊನ್ಶು ದಡದ ಒನೊಮಿಚಿ ಊರಿನಿಂದ ಶಿಕೊಕು ದಡದ ಇಮಬಾರಿವರೆಗೆ ಆರು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿ ಒಂದು ಹೆದ್ದಾರಿ ಮಾಡಿದ್ದಾರೆ. ಅದೇ ಶಿಮಾನಾಮಿ ಕೈಡೊ. ಹೆದ್ದಾರಿಯ ಉದ್ದ ಸುಮಾರು 60 ಕಿಲೋಮೀಟರ್. ಸೈಕಲ್ ದಾರಿ ದ್ವೀಪಗಳ ಅಂಚು ಹಿಡಿದು ಹೋಗುತ್ತದೆ, ಹಾಗಾಗಿ ಸುಮಾರು 70.

ನಂದಿ ಬೆಟ್ಟ ಹತ್ತಿ ಇಳಿಯುವ ನಿಮಗೆ 70 ಕಿಲೋಮೀಟರ್ ಏನೂ ಅಲ್ಲ, ಗೊತ್ತು. ಬೆಳಿಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೆ ಮುಗಿಸಿಬಿಡಬಹುದು. ಆದರೆ ಹಾಗೆ ಮುಗಿಸಬೇಡಿ ಅಂತ ಹೇಳುವುದಕ್ಕೇ ನಾನು ಇವತ್ತು ನಿಂತಿರುವುದು. ಈ ದಾರಿ ಮೊದಲು ಇದ್ದದ್ದು ನಮ್ಮಂಥ ಪ್ರವಾಸಿಗಳಿಗಲ್ಲ. ದ್ವೀಪದ ಜನ ನಡೆದು, ಸೈಕಲ್ ತುಳಿದು, ಮೊಪೆಡ್ ಓಡಿಸಿಕೊಂಡು ಪಕ್ಕದ ದ್ವೀಪಕ್ಕೆ ಹೋಗಿಬರಲಿ ಅಂತ ಹೆದ್ದಾರಿಯ ಮಗ್ಗುಲಲ್ಲಿ ಬಿಟ್ಟ ಸಣ್ಣ ಜಾಗ ಅದು. ಆ ಜಾಗವೇ ಇವತ್ತು ಲೋಕಪ್ರಸಿದ್ಧ ಆಗಿದೆ. ಇದನ್ನು ತಿಳಿದುಕೊಂಡು ತುಳಿದರೆ ದಾರಿ ಬೇರೆ ಥರ ಕಾಣುತ್ತದೆ.

ಹೊನ್ಶುವನ್ನೂ ಶಿಕೊಕುವನ್ನೂ ಸೇರಿಸುವ ಸೇತುವೆ ದಾರಿಗಳು ಒಟ್ಟು ಮೂರು. ಪೂರ್ವದಲ್ಲಿ ಕೋಬೆಯಿಂದ ಅವಾಜಿ ದ್ವೀಪದ ಮೇಲೆ ಹೋಗುವ ದಾರಿ. ಅಕಾಶಿ ಕೈಕ್ಯೊ ಎನ್ನುವ ದೊಡ್ಡ ತೂಗು ಸೇತುವೆ ಇರುವುದು ಅಲ್ಲೇ. ನಡುವೆ ರೈಲೂ ರಸ್ತೆಯೂ ಒಟ್ಟಿಗೆ ಹೋಗುವ ಸೆತೊ ಮಹಾಸೇತುವೆ, 1988ರದ್ದು. ಪಶ್ಚಿಮದಲ್ಲಿ ನಮ್ಮ ಶಿಮಾನಾಮಿ. ಮೂರರಲ್ಲಿ ಈ ಕೊನೆಯದನ್ನು ಮಾತ್ರ ಸೈಕಲ್‌ನಲ್ಲಿ, ಕಾಲ್ನಡಿಗೆಯಲ್ಲಿ ದಾಟಬಹುದು. ಉಳಿದೆರಡರಲ್ಲಿ ಆಗುವುದಿಲ್ಲ.

ಇಷ್ಟು ದುಡ್ಡು ಸುರಿದು ಸೇತುವೆ ಯಾಕೆ ಕಟ್ಟಿದರು? ಈ ಸಮುದ್ರದಲ್ಲಿ ದೋಣಿಯನ್ನೇ ನಂಬಿ ಬದುಕುವುದು ಸುಲಭ ಇರಲಿಲ್ಲ. ಮಂಜು ಬೀಳುತ್ತದೆ, ಸೆಳೆತ ಇದೆ, ಹಡಗುಗಳ ದಟ್ಟಣೆ ಇದೆ. 1955ರ ಮೇ ತಿಂಗಳಲ್ಲಿ ಶಿಯುನ್ ಮಾರು ಎನ್ನುವ ರೈಲ್ವೆಯ ಫೆರ‍್ರಿ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸತ್ತವರು 168 ಜನ. ಅವರಲ್ಲಿ ಬಹಳಷ್ಟು ಮಂದಿ ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಸೇತುವೆ ಬೇಕೇ ಬೇಕು ಅನ್ನುವ ಕೂಗು ಅದರ ನಂತರ ಜೋರಾಯಿತು. 1970ರಲ್ಲಿ ಇದಕ್ಕೇ ಅಂತ ಸರ್ಕಾರಿ ಸಂಸ್ಥೆ ಹುಟ್ಟಿತು. 1973ರಲ್ಲಿ ಕೆಲಸ ಶುರುವಾಗಬೇಕಿತ್ತು. ಅಷ್ಟರಲ್ಲಿ ತೈಲದ ಬಿಕ್ಕಟ್ಟು ಬಂತು, ಎಲ್ಲ ನಿಂತಿತು. 1975ರಲ್ಲಿ ಮತ್ತೆ ಶುರು ಮಾಡಿದರು. ಶಿಮಾನಾಮಿಯ ಮೊದಲ ಸೇತುವೆ 1979ರಲ್ಲಿ ಮುಗಿಯಿತು, ಕೊನೆಯವು 1999ರ ಮೇ 1ರಂದು ತೆರೆದುಕೊಂಡವು. ಅಂದರೆ ಒಂದು ತಲೆಮಾರು ಹಿಡಿಯಿತು. ಅಷ್ಟೂ ಕಾಲ ಜನ ಅರ್ಧ ಸೇತುವೆ, ಅರ್ಧ ಫೆರ‍್ರಿ ಹೀಗೇ ಓಡಾಡಿದರು.

ನಮ್ಮಲ್ಲಿ ಸಿಗಂದೂರಿಗೆ ಲಾಂಚ್‌ನಲ್ಲಿ ಹೋದವರಿಗೆ ಇದು ಬೇಗ ಅರ್ಥವಾದೀತು. ರಾತ್ರಿ ಹೊತ್ತು ಲಾಂಚ್ ಇಲ್ಲ, ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ ಅಂದರೆ ಹಿನ್ನೀರಿನ ಆಚೆ ಇರುವವರ ಪಾಡೇನು? ಅಲ್ಲಿಗೆ ಸೇತುವೆ ಬಂದದ್ದು 2025ರಲ್ಲಿ. ಸೆತೊ ದ್ವೀಪಗಳ ಜನರಿಗೂ ಸೇತುವೆ ಅಂದರೆ ಮೊದಲು ಆಸ್ಪತ್ರೆ, ಹೈಸ್ಕೂಲು, ಕೆಲಸ. ನೋಟ ಆಮೇಲೆ.

ಈಗ ಸವಾರಿಗೆ ಬರೋಣ. ಒನೊಮಿಚಿ ರೈಲು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಸಮುದ್ರ. ಸಮುದ್ರ ಅನ್ನುವುದಕ್ಕಿಂತ ಹೊಳೆ ಅನ್ನಬಹುದು, ಅಷ್ಟು ಕಿರಿದು. ಆಚೆ ದಡದಲ್ಲಿ ಮುಕೈಶಿಮಾ ದ್ವೀಪ, ಹಡಗು ಕಟ್ಟೆಯ ಕ್ರೇನುಗಳು. ಇಲ್ಲಿ ಸೇತುವೆ ಇದೆ, ಆದರೆ ಕಿರಿದು, ಗಾಡಿಗಳು ಜಾಸ್ತಿ. ಸೈಕಲ್‌ನವರು ಫೆರ‍್ರಿಯಲ್ಲೇ ಹೋಗಿ ಅಂತಾರೆ. ಐದು ನಿಮಿಷದ ದಾರಿ. ಸ್ಕೂಲಿನ ಮಕ್ಕಳು, ತರಕಾರಿ ಚೀಲದ ಅಜ್ಜಿಯರು, ಒಂದೆರಡು ಕಾರು, ಜೊತೆಗೆ ನೀವು. ಚಿಲ್ಲರೆ ಕೊಟ್ಟರೆ ಆಯಿತು. ಇಷ್ಟು ದೊಡ್ಡ ಸೇತುವೆಗಳ ಯಾತ್ರೆ ಒಂದು ಪುಟ್ಟ ಫೆರ‍್ರಿಯಿಂದ ಶುರುವಾಗುವುದು ನನಗೆ ತುಂಬಾ ಇಷ್ಟ.

ಆಚೆ ಇಳಿದ ಕೂಡಲೇ ರಸ್ತೆಯ ಎಡ ಅಂಚಿನಲ್ಲಿ ನೀಲಿ ಗೆರೆ ಶುರು. ಇಮಬಾರಿವರೆಗೂ ಅದನ್ನೇ ಹಿಡಿದು ಹೋಗಬಹುದು. ಎಷ್ಟು ಕಿಲೋಮೀಟರ್ ಉಳಿದಿದೆ ಅಂತ ರಸ್ತೆಯ ಮೇಲೇ ಬರೆದಿರುತ್ತಾರೆ. ಮೊಬೈಲ್ ತೆಗೆಯುವ ಕೆಲಸವೇ ಇಲ್ಲ. ಜಪಾನಿನಲ್ಲೂ ನಮ್ಮ ಹಾಗೆ ಎಡಗಡೆ ಓಡಾಟ, ಆ ಒಂದು ತಲೆನೋವೂ ನಮಗಿಲ್ಲ. ನೀಲಿ ಗೆರೆ ಬಹಳ ಒಳ್ಳೆಯ ಉಪಾಯ, ಒಪ್ಪುತ್ತೇನೆ. ಆದರೆ ಅದಕ್ಕೆ ಒಂದು ಗುಣ ಇದೆ. ಅದು ನಿಮ್ಮನ್ನು ಆದಷ್ಟು ಬೇಗ ಆಚೆ ದಡಕ್ಕೆ ಸಾಗಿಸಲು ನೋಡುತ್ತದೆ. ಅದರ ಮಾತು ಅರ್ಧ ಕೇಳಿ, ಅರ್ಧ ಬಿಡಿ.

ಸೇತುವೆಗೆ ಹತ್ತುವ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಕೆಳಗೆ ದೊಡ್ಡ ಹಡಗು ಹೋಗಬೇಕಾದ್ದರಿಂದ ಸೇತುವೆಗಳು ತುಂಬಾ ಎತ್ತರ. ದಾರಿಯ ಕೊನೆಗೆ ಬರುವ ಕುರುಶಿಮಾ ಸೇತುವೆಯಲ್ಲಿ ಸಮುದ್ರ ಮಟ್ಟದಿಂದ ಸೇತುವೆಯ ಅಡಿಗೆ ಸುಮಾರು 65 ಮೀಟರ್ ಅಂತರ ಇದೆ. ನಾವು ತುಳಿಯುವುದು ಸಮುದ್ರದ ದಂಡೆಯಲ್ಲಿ. ಹಾಗಾಗಿ ಪ್ರತಿ ಸೇತುವೆಗೂ ಮೇಲೆ ಹತ್ತಬೇಕು, ಆಮೇಲೆ ಇಳಿಯಬೇಕು. ಕಾರಿನ ದಾರಿಯಿಂದ ಬೇರೆಯಾಗಿ, ಕಿತ್ತಳೆ ತೋಟಗಳ ನಡುವೆ ಬಳುಕಿಕೊಂಡು ಹೋಗುವ ಒಂದು ದಾರಿಯನ್ನೇ ಇದಕ್ಕಾಗಿ ಮಾಡಿದ್ದಾರೆ. ಏರು ಬಹುತೇಕ ಶೇಕಡಾ 3ರ ಆಸುಪಾಸು, ಅಂದರೆ ನೂರು ಮೀಟರ್ ಮುಂದೆ ಹೋದರೆ ಮೂರು ಮೀಟರ್ ಮೇಲೆ. ಬುಟ್ಟಿ ಇರುವ ಮನೆಬಳಕೆಯ ಸೈಕಲ್‌ನಲ್ಲೂ ಇಳಿಯದೆ ಹತ್ತಬಹುದು. ಕಾರಿನವರಿಗೆ ಈ ಏರು ಗೊತ್ತೇ ಆಗುವುದಿಲ್ಲ, ಅವರ ಹೆದ್ದಾರಿ ಬೆಟ್ಟದ ಮಟ್ಟದಲ್ಲೇ ಇರುತ್ತದೆ. ಯಾರೋ ಕೂತು, ಮೀನು ತುಂಬಿದ ಡಬ್ಬಿ ಇಟ್ಟುಕೊಂಡು ಬರುವ ಹೆಂಗಸಿಗೆ ಈ ಏರು ಎಷ್ಟಿದ್ದರೆ ಆದೀತು ಅಂತ ಲೆಕ್ಕ ಹಾಕಿದ ಹಾಗೆ ಕಾಣುತ್ತದೆ.

ಮೊದಲ ದೊಡ್ಡ ಸೇತುವೆ ಇನ್ನೊಶಿಮಾ. 1983ರದ್ದು, ತೂಗು ಸೇತುವೆ, ನಡುವಿನ ಗೋಪುರಗಳ ಅಂತರ 770 ಮೀಟರ್. ಇಲ್ಲಿ ಒಂದು ವಿಶೇಷ ಇದೆ. ಕಾರುಗಳು ಮೇಲೆ, ನಾವು ಅವುಗಳ ಕೆಳಗೆ. ಉಕ್ಕಿನ ಚೌಕಟ್ಟಿನ ಒಳಗೆ, ಎರಡೂ ಕಡೆ ಜಾಲರಿ ಇರುವ ಉದ್ದನೆಯ ಓಣಿಯಲ್ಲಿ ತುಳಿಯುತ್ತಿರುತ್ತೇವೆ. ತಲೆಯ ಮೇಲೆ ಲಾರಿ ಹೋದರೆ ಗಡಗಡ ಸದ್ದು. ಕೆಲವರಿಗೆ ಈ ಸೇತುವೆ ಇಷ್ಟ ಆಗುವುದಿಲ್ಲ, ಫೋಟೊ ಚೆನ್ನಾಗಿ ಬರುವುದಿಲ್ಲ ಅಂತ. ಬಿಸಿಲಿನ ದಿನ ಹೋಗಿ ನೋಡಿ, ಈ ನೆರಳಿನ ಬೆಲೆ ಗೊತ್ತಾಗುತ್ತದೆ.

ಇನ್ನೊಶಿಮಾ ದ್ವೀಪ ಹಸ್ಸಾಕು ಎನ್ನುವ ಹಣ್ಣಿನ ತವರು. ಕಿತ್ತಳೆಗಿಂತ ದೊಡ್ಡದು, ಚಕೋತಕ್ಕಿಂತ ಚಿಕ್ಕದು. ಹುಳಿ, ಜೊತೆಗೆ ಸ್ವಲ್ಪ ಕಹಿ. ಅಕ್ಕಿಹಿಟ್ಟಿನ ಮೆತ್ತನೆಯ ಉಂಡೆಯೊಳಗೆ ಈ ಹಣ್ಣಿನ ತೊಳೆ ಇಟ್ಟು ಒಂದು ಸಿಹಿ ಮಾಡುತ್ತಾರೆ. ತಿನ್ನಲೇಬೇಕು.

ಮುಂದಿನದು ಇಕುಚಿ ಸೇತುವೆ, 1991ರದ್ದು. ಅದನ್ನು ದಾಟಿದರೆ ಇಕುಚಿಜಿಮಾ. ಇದು ನಿಂಬೆಯ ದ್ವೀಪ. ಜಪಾನಿನಲ್ಲಿ ಅತಿ ಹೆಚ್ಚು ನಿಂಬೆ ಬೆಳೆಯುವುದು ಹಿರೋಷಿಮಾ ಪ್ರಾಂತ್ಯ, ಅದರಲ್ಲೂ ಈ ದ್ವೀಪದ ಸೆತೊದಾ ಊರು ಹೆಸರುವಾಸಿ. ಮಳೆ ಕಡಿಮೆ, ಚಳಿ ಹದ, ಇಳಿಜಾರು ನೆಲದಲ್ಲಿ ನೀರು ನಿಲ್ಲುವುದಿಲ್ಲ. ನಿಂಬೆಗೆ ಇನ್ನೇನು ಬೇಕು? ನಮ್ಮ ಸಣ್ಣ ಗುಂಡು ನಿಂಬೆ ಅಲ್ಲ, ದಪ್ಪ ಸಿಪ್ಪೆಯ ಉದ್ದನೆಯ ಜಾತಿ. ನಿಂಬೆ ಕೇಕು, ನಿಂಬೆ ಐಸ್‌ಕ್ರೀಮು, ನಿಂಬೆ ಉಪ್ಪು, ಊರಿಗೆ ಊರೇ ಹಳದಿ.

ಸೆತೊದಾದಲ್ಲಿ ಒಂದು ರಾತ್ರಿ ಉಳಿಯಿರಿ ಅಂತ ನಾನು ಒತ್ತಾಯ ಮಾಡುತ್ತೇನೆ. ಕಾರಣ ಕೊಸಾಂಜಿ ದೇವಸ್ಥಾನ. ಉಕ್ಕಿನ ಕೊಳವೆ ತಯಾರಿಸಿ ದುಡ್ಡು ಮಾಡಿದ ಉದ್ಯಮಿಯೊಬ್ಬರು ತಾಯಿ ತೀರಿಹೋದ ಮೇಲೆ ಬೌದ್ಧ ಸನ್ಯಾಸಿಯಾಗಿ 1936ರಿಂದ ಇದನ್ನು ಕಟ್ಟಿಸಲು ಶುರು ಮಾಡಿದರು. ಜಪಾನಿನ ಹಳೆಯ ಹೆಸರಾಂತ ದೇವಾಲಯಗಳ ಕಟ್ಟಡಗಳನ್ನು ನೋಡಿ ಅವೇ ಮಾದರಿಯಲ್ಲಿ ಕಟ್ಟಿಸಿದ್ದು. ಬಣ್ಣವೋ ಬಣ್ಣ. ಶಾಂತವಾದ ಬೂದು ಬಣ್ಣದ ಝೆನ್ ತೋಟ ಹುಡುಕಿ ಹೋದವರು ಬೆಚ್ಚಿಬೀಳುತ್ತಾರೆ. ಅದರ ಹಿಂದಿನ ಗುಡ್ಡದ ಮೇಲೆ ಇಟಲಿಯ ಕರಾರಾದಿಂದ ತರಿಸಿದ ಬಿಳಿ ಅಮೃತಶಿಲೆಯ ದೊಡ್ಡ ಶಿಲ್ಪ ತೋಟ ಇದೆ, ಶಿಲ್ಪಿ ಇತ್ತೊ ಕುಯೆತಾನಿ. ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ, ಕಪ್ಪು ಕನ್ನಡಕ ಇಟ್ಟುಕೊಳ್ಳಿ. ಇದು ಅತಿಯಾಯಿತು ಅನ್ನುವವರಿದ್ದಾರೆ. ಅತಿಯೇ. ಆದರೆ ಅಮ್ಮನಿಗಾಗಿ ಅತಿ ಮಾಡಿದ ಮಗನ ಮೇಲೆ ನನಗಂತೂ ಸಿಟ್ಟು ಬರುವುದಿಲ್ಲ.

ಅದರ ಹತ್ತಿರವೇ ಚಿತ್ರಕಲಾವಿದ ಇಕುಒ ಹಿರಾಯಾಮಾ ಅವರ ಸಂಗ್ರಹಾಲಯ. ಅವರು ಹುಟ್ಟಿದ್ದು ಇದೇ ಸೆತೊದಾದಲ್ಲಿ, 1930ರಲ್ಲಿ. ಹದಿನೈದನೇ ವಯಸ್ಸಿಗೆ ಹಿರೋಷಿಮಾದಲ್ಲಿದ್ದರು, ಅಣುಬಾಂಬಿನಿಂದ ಬದುಕುಳಿದರು. ಮುಂದೆ ಜೀವನದುದ್ದಕ್ಕೂ ಅವರು ಬರೆದ ಚಿತ್ರಗಳಲ್ಲಿ ಬುದ್ಧ ಇದ್ದಾನೆ, ರೇಷ್ಮೆ ದಾರಿ ಇದೆ, ಗ್ರಂಥಗಳನ್ನು ಹುಡುಕಿಕೊಂಡು ನಮ್ಮ ದೇಶಕ್ಕೆ ಬಂದ ಹ್ಯುಯೆನ್ ತ್ಸಾಂಗ್ ಇದ್ದಾನೆ. ಇಷ್ಟು ಸಣ್ಣ ದ್ವೀಪದಲ್ಲಿ ಭಾರತದ ಕಡೆಗೆ ಹೋಗುವ ಒಂಟೆ ಸಾಲುಗಳ ಚಿತ್ರದ ಮುಂದೆ ಸೈಕಲ್ ಬಟ್ಟೆಯಲ್ಲಿ ನಿಂತಿರುವುದು ಒಂಥರಾ ಚೆನ್ನಾಗಿರುತ್ತದೆ.

ಇನ್ನು ತತಾರಾ ಸೇತುವೆ. ಇಡೀ ದಾರಿಯಲ್ಲಿ ನನ್ನ ಮೆಚ್ಚಿನದು ಇದೇ, ಆದ್ದರಿಂದ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. 1973ರ ಯೋಜನೆಯಲ್ಲಿ ಇಲ್ಲಿ ತೂಗು ಸೇತುವೆ ಬರಬೇಕಿತ್ತು. ತೂಗು ಸೇತುವೆಯ ಮುಖ್ಯ ಕೇಬಲ್ಲನ್ನು ಎರಡೂ ತುದಿಯಲ್ಲಿ ಜಗ್ಗಿ ಹಿಡಿಯಲು ಗುಡ್ಡದಷ್ಟು ದೊಡ್ಡ ಕಾಂಕ್ರೀಟ್ ದಿಮ್ಮಿ ಬೇಕು. ಅದನ್ನು ಕೂರಿಸಲು ದ್ವೀಪದ ಬೆಟ್ಟವನ್ನೇ ಕಡಿಯಬೇಕಾಗಿತ್ತು. ಅಷ್ಟರಲ್ಲಿ ಇನ್ನೊಂದು ವಿಧಾನ ಬಲವಾಗಿ ಬೆಳೆದಿತ್ತು. ಗೋಪುರದಿಂದಲೇ ಓರೆಯಾಗಿ ಕೇಬಲ್‌ಗಳನ್ನು ಎಳೆದು ರಸ್ತೆಯನ್ನು ಹಿಡಿದುಕೊಳ್ಳುವ ವಿಧಾನ. ಇದರಲ್ಲಿ ಎರಡೂ ಕಡೆಯ ಭಾರ ಗೋಪುರದ ಮೇಲೆ ಸರಿತೂಗುತ್ತದೆ, ಬೆಟ್ಟಕ್ಕೆ ಕಟ್ಟಿಹಾಕುವ ಅಗತ್ಯ ಇಲ್ಲ. ಹಾಗಾಗಿ 1989ರಲ್ಲಿ ವಿನ್ಯಾಸ ಬದಲಾಯಿಸಿದರು. ಬೆಟ್ಟ ಉಳಿಯಿತು, ಖರ್ಚೂ ಇಳಿಯಿತು. 1999ರಲ್ಲಿ ತೆರೆದಾಗ ಗೋಪುರಗಳ ನಡುವಿನ 890 ಮೀಟರ್ ಅಂತರ ಈ ಮಾದರಿಯಲ್ಲಿ ಜಗತ್ತಿಗೇ ದೊಡ್ಡದು. ಫ್ರಾನ್ಸಿನ ನಾರ್ಮಂಡಿ ಸೇತುವೆಯನ್ನು ಹಿಂದೆ ಹಾಕಿತ್ತು. 2008ರಲ್ಲಿ ಚೀನಾದ ಸುತೊಂಗ್ ಸೇತುವೆ ಬರುವವರೆಗೆ ಆ ಪಟ್ಟ ಇದರದ್ದೇ.

220 ಮೀಟರ್ ಎತ್ತರದ ಗೋಪುರದ ಬುಡದಲ್ಲಿ ನಿಂತು ಕೈ ಚಪ್ಪಾಳೆ ತಟ್ಟಿ. ಸದ್ದು ಎರಡು ಕಂಬಗಳ ನಡುವೆ ಪುಟಿಯುತ್ತಾ ಪುಟಿಯುತ್ತಾ ಮೇಲಕ್ಕೆ ಹೋಗುವುದು ಕೇಳುತ್ತದೆ. ತಟ್ಟಿ ನೋಡಲೆಂದೇ ಅಲ್ಲಿ ಮರದ ತುಂಡುಗಳನ್ನೂ ಇಟ್ಟಿರುತ್ತಾರೆ. ದೊಡ್ಡವರೂ ನಾಚಿಕೆ ಬಿಟ್ಟು ತಟ್ಟುತ್ತಾರೆ. ಸೇತುವೆಯ ನಡುವೆ ಹಿರೋಷಿಮಾ ಪ್ರಾಂತ್ಯ ಮುಗಿದು ಎಹಿಮೆ ಪ್ರಾಂತ್ಯ ಶುರುವಾಗುವ ಗೆರೆ ಇದೆ, ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ತತಾರಾ ಇಳಿದರೆ ಒಮಿಶಿಮಾ. ನೀಲಿ ಗೆರೆಯ ಗುಣ ಅಂದೆನಲ್ಲ, ಅದು ಇಲ್ಲಿ ಗೊತ್ತಾಗುತ್ತದೆ. ಒಮಿಶಿಮಾ ದೊಡ್ಡ ದ್ವೀಪ. ಗೆರೆ ಅದರ ಒಂದು ಮೂಲೆಯನ್ನು ಮುಟ್ಟಿದ ಹಾಗೆ ಮಾಡಿ ಮುಂದಿನ ಸೇತುವೆಗೆ ಓಡಿಬಿಡುತ್ತದೆ. ದ್ವೀಪದ ಜೀವ ಇರುವುದು ಪಶ್ಚಿಮದ ಕಡೆ, ಗುಡ್ಡ ದಾಟಿ ಹೋದರೆ ಸಿಗುವ ಒಯಾಮಾಜುಮಿ ಗುಡಿಯಲ್ಲಿ. ಬೆಟ್ಟಕ್ಕೂ ಕಡಲಿಗೂ ಯುದ್ಧಕ್ಕೂ ಒಡೆಯನಾದ ದೇವರು. ಗೆದ್ದು ಬಂದ ಸಮುರಾಯಿಗಳು ತಮ್ಮ ಕವಚ, ಕತ್ತಿಗಳನ್ನು ಇಲ್ಲಿ ಒಪ್ಪಿಸುತ್ತಿದ್ದರು. ಶತಮಾನಗಳ ಹಿಂದಿನ ಆ ರಾಶಿ ಈಗ ಗುಡಿಯ ಸಂಗ್ರಹಾಲಯದಲ್ಲಿದೆ. ರಾಷ್ಟ್ರೀಯ ಸಂಪತ್ತು ಅಂತ ಘೋಷಿಸಿದ ವಸ್ತುಗಳು ಅದರಲ್ಲಿ ಹಲವಾರು. ಅಂಗಳದಲ್ಲಿ ತುಂಬಾ ಹಳೆಯ ಕರ್ಪೂರದ ಮರ.

ಈ ಗುಡಿಯ ಒಂದು ಆಚರಣೆ ಹೇಳದೆ ಮುಂದೆ ಹೋಗಲಾರೆ. ನಾಟಿಯ ಹಬ್ಬಕ್ಕೂ ಕೊಯ್ಲಿನ ಹಬ್ಬಕ್ಕೂ ಇಲ್ಲಿ ಒಬ್ಬನೇ ಪೈಲ್ವಾನ ಸುಮೊ ಕುಸ್ತಿ ಆಡುತ್ತಾನೆ. ಎದುರಾಳಿ ಭತ್ತದ ದೇವತೆ. ಕಣ್ಣಿಗೆ ಕಾಣುವುದಿಲ್ಲ. ಈತ ಗಾಳಿಯನ್ನು ಹಿಡಿದು ಜಗ್ಗುತ್ತಾನೆ, ತಳ್ಳುತ್ತಾನೆ, ತಾನೇ ಎಗರಿ ಬೀಳುತ್ತಾನೆ. ಮೂರು ಸುತ್ತು. ಯಾವಾಗಲೂ ಎರಡು ಸುತ್ತು ದೇವತೆಯೇ ಗೆಲ್ಲುತ್ತದೆ, ಹಾಗಾಗಿ ಫಸಲು ಚೆನ್ನಾಗಿ ಬರುತ್ತದೆ. ನಡುವಿನ ಒಂದು ಸುತ್ತನ್ನು ಮನುಷ್ಯನಿಗೆ ಬಿಟ್ಟುಕೊಡುವ ದೊಡ್ಡತನವೂ ದೇವತೆಗೆ ಇದೆ ನೋಡಿ.

ಒಮಿಶಿಮಾದಿಂದ ಹಕಾತಾಜಿಮಾಗೆ ಹೋಗುವ ಕಮಾನು ಸೇತುವೆಯೇ 1979ರ ಆ ಮೊದಲ ಸೇತುವೆ. ಉಳಿದವುಗಳ ಮುಂದೆ ಚಿಕ್ಕದು, ಕಮಾನಿನ ಅಗಲ 297 ಮೀಟರ್. ಅದರಲ್ಲೂ ಆಗಲೇ ಪಕ್ಕದಲ್ಲಿ ಸಣ್ಣ ದಾರಿ ಇದೆ. ಹಕಾತಾಜಿಮಾ ಉಪ್ಪಿಗೆ ಹೆಸರಾದ ಊರು. ಹಕಾತಾ ಉಪ್ಪು ಜಪಾನಿನ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. 1971ರಲ್ಲಿ ಸರ್ಕಾರ ಹಳೆಯ ಉಪ್ಪಿನ ಗದ್ದೆಗಳನ್ನು ಮುಚ್ಚಿಸಿತು, ಆಗ ಜನ ಹೋರಾಡಿ ಈ ಉಪ್ಪನ್ನು ಉಳಿಸಿಕೊಂಡರು. ಆದರೆ ಪೊಟ್ಟಣದ ಹಿಂದೆ ಓದಿದರೆ ಮೆಕ್ಸಿಕೊ ಅಥವಾ ಆಸ್ಟ್ರೇಲಿಯಾದ ಉಪ್ಪನ್ನು ಇಲ್ಲಿನ ಸಮುದ್ರದ ನೀರಿನಲ್ಲಿ ಕರಗಿಸಿ ಮತ್ತೆ ಕಾಯಿಸಿ ಮಾಡಿದ್ದು ಅಂತ ಇದೆ. ಸುಮ್ನೆ ಹೇಳಿದೆ, ರುಚಿ ಚೆನ್ನಾಗಿದೆ.

ಮುಂದೆ ಹಕಾತಾ-ಒಶಿಮಾ ಸೇತುವೆ, 1988. ಅದರ ಮೇಲಿಂದ ಕೆಳಗೆ ನೋಡಿದರೆ ನೀರು ಸುಳಿ ಸುಳಿಯಾಗಿ ಕುದಿಯುವ ಹಾಗೆ ಕಾಣುತ್ತದೆ. ಈ ಜಲಸಂಧಿಯಲ್ಲೇ ನೊಶಿಮಾ ಎನ್ನುವ ಪುಟ್ಟ ದ್ವೀಪ ಇದೆ. ಅಲ್ಲಿ ಮುರಾಕಾಮಿ ಮನೆತನದ ಕೋಟೆ ಇತ್ತು. ಇವರನ್ನು ಕಡಲ್ಗಳ್ಳರು ಅಂತಾರೆ, ಆದರೆ ಸುಮ್ಮನೆ ಲೂಟಿ ಮಾಡುವವರಲ್ಲ. ಈ ಸೆಳೆತ ಅವರಿಗೆ ಬಾಯಿಪಾಠ. ಬೇರೆಯವರಿಗೆ ಇಲ್ಲಿ ಹಡಗು ನಡೆಸುವುದು ಸಾವಿನ ಕೆಲಸ. ಹಾದುಹೋಗುವ ಹಡಗಿನಿಂದ ಸುಂಕ ತೆಗೆದುಕೊಂಡು, ದಾರಿ ಬಲ್ಲವನನ್ನು ಹತ್ತಿಸಿ, ತಮ್ಮ ಗುರುತಿನ ಬಾವುಟ ಕೊಟ್ಟು ಕಳಿಸುತ್ತಿದ್ದರು. ಬಾವುಟ ಕಂಡರೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ನೊಶಿಮಾದ ಒಡೆಯ ಜಪಾನಿನ ಅತಿ ದೊಡ್ಡ ಕಡಲ್ಗಳ್ಳ ಅಂತ ಲೂಯಿಸ್ ಫ್ರೊಯಿಸ್ ಎನ್ನುವ ಪೋರ್ಚುಗೀಸ್ ಪಾದ್ರಿ ಬರೆದಿಟ್ಟಿದ್ದಾನೆ. 1588ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ಸೇನಾನಾಯಕ ಹಿದೆಯೊಶಿ ಕಡಲ್ಗಳ್ಳತನಕ್ಕೆ ನಿಷೇಧ ಹಾಕಿದ, ಅಲ್ಲಿಗೆ ಅವರ ಕಾಲ ಮುಗಿಯಿತು. ಒಶಿಮಾದಲ್ಲಿ ಅವರ ಕಥೆ ಹೇಳುವ ಒಂದು ಸಂಗ್ರಹಾಲಯ ಇದೆ. ಅದರ ಹತ್ತಿರದಿಂದ ದೋಣಿಯಲ್ಲಿ ಆ ಸುಳಿಗಳ ನಡುವೆ ಕರೆದುಕೊಂಡು ಹೋಗುತ್ತಾರೆ. ಹೊಟ್ಟೆ ತುಂಬಾ ತಿಂದು ಹತ್ತಬೇಡಿ.

ಸುಂಕ ಅಂದಾಗ ನೆನಪಾಯಿತು. ಸೈಕಲ್‌ಗೂ ಸೇತುವೆಗಳಲ್ಲಿ ಸುಂಕ ಇತ್ತು. ಒಂದೊಂದಕ್ಕೆ 50 ಯೆನ್‌ನಿಂದ 200 ಯೆನ್, ಪೂರ್ತಿ ದಾಟಿದರೆ 500. ಕೇಳುವವರು ಯಾರೂ ಇರುತ್ತಿರಲಿಲ್ಲ, ಡಬ್ಬಿಯಲ್ಲಿ ನಾಣ್ಯ ಹಾಕಿ ಹೋಗಬೇಕಿತ್ತು. 2014ರ ಜುಲೈಯಿಂದ ಸೈಕಲ್‌ಗೆ ಸುಂಕ ಇಲ್ಲ, ಆ ರಿಯಾಯಿತಿಯನ್ನು ಮುಂದುವರಿಸುತ್ತಾ ಬಂದಿದ್ದಾರೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಸಾವಿರಾರು ಜನ ಸೈಕಲ್ ಸವಾರರಿಗೆ ಬಿಟ್ಟುಕೊಟ್ಟರು. 2019ರಲ್ಲಿ ಜಪಾನ್ ಸರ್ಕಾರ ಮೊದಲ ಬಾರಿಗೆ ಮೂರು ರಾಷ್ಟ್ರೀಯ ಸೈಕಲ್ ದಾರಿಗಳನ್ನು ಹೆಸರಿಸಿತು, ಇದು ಅವುಗಳಲ್ಲಿ ಒಂದು.

ಒಶಿಮಾ ದ್ವೀಪವೇ ಕೊನೆಯದು. ಒಮಿಶಿಮಾ, ಒಶಿಮಾ ಬೇರೆ ಬೇರೆ, ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ಇಲ್ಲಿ ರಸ್ತೆಯಲ್ಲೇ ಒಂದೆರಡು ಏರು ಇದೆ, ಸಂಜೆ ಹೊತ್ತಿಗೆ ಕಾಲು ಮಾತಾಡಲು ಶುರು ಮಾಡುತ್ತದೆ. ಶಕ್ತಿ ಉಳಿದಿದ್ದರೆ ದಾರಿ ಬಿಟ್ಟು 307 ಮೀಟರ್ ಎತ್ತರದ ಕಿರೊಸಾನ್ ಬೆಟ್ಟ ಹತ್ತಿ. ಇದು ಶೇಕಡಾ 3ರ ಏರಲ್ಲ, ನಮ್ಮ ನಂದಿಯ ಸಂಬಂಧಿಯೇ. ತುದಿಯಲ್ಲಿ ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸ ಮಾಡಿದ ನೋಟದ ಕಟ್ಟೆ ಇದೆ. ಬೆಟ್ಟದೊಳಗೆ ಹುದುಗಿದ ಹಾಗೆ ಕಟ್ಟಿದ್ದಾರೆ, ಕೆಳಗಿನಿಂದ ನೋಡಿದರೆ ಕಟ್ಟಡವೇ ಕಾಣುವುದಿಲ್ಲ. ಮೇಲೆ ನಿಂತರೆ ಕುರುಶಿಮಾದ ಸೇತುವೆಗಳು ಪೂರ್ತಿ ಕಾಣುತ್ತವೆ.

ಕುರುಶಿಮಾ ಅಂದರೆ ಒಂದಲ್ಲ, ಒಂದರ ಹಿಂದೊಂದು ಮೂರು ತೂಗು ಸೇತುವೆ. ಒಟ್ಟು ಸುಮಾರು 4 ಕಿಲೋಮೀಟರ್. ಹೀಗೆ ಮೂರನ್ನು ಸಾಲಾಗಿ ಜೋಡಿಸಿದ್ದು ಜಗತ್ತಿನಲ್ಲೇ ಮೊದಲು. ಕೆಳಗಿನ ಸೆಳೆತ 10 ನಾಟ್‌ವರೆಗೂ ಏರುತ್ತದೆ, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್. ನಾವು ಮೇಲೆ ಆರಾಮಾಗಿ ತುಳಿಯುವ ವೇಗದಲ್ಲೇ ಕೆಳಗೆ ಸಮುದ್ರ ಓಡುತ್ತಿರುತ್ತದೆ! ದಿನಕ್ಕೆ ಹಲವು ಸಲ ದಿಕ್ಕು ಬದಲಾಯಿಸುತ್ತದೆ. ಇಲ್ಲಿ ಹಡಗುಗಳಿಗೆ ವಿಚಿತ್ರ ನಿಯಮ ಇದೆ. ಸೆಳೆತದ ಜೊತೆ ಹೋಗುವ ಹಡಗು ನಡುವಿನ ಕಾಲುವೆ ಹಿಡಿಯಬೇಕು, ಸೆಳೆತಕ್ಕೆ ಎದುರಾಗಿ ಹೋಗುವುದು ಪಶ್ಚಿಮದ ಕಾಲುವೆ. ಯಾಕೆಂದರೆ ನೀರು ಹಿಂದಿನಿಂದ ತಳ್ಳುವಾಗ ಹಡಗಿನ ಚುಕ್ಕಾಣಿ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ತಿರುವು ಕಡಿಮೆ ಇರುವ ದಾರಿ ಅದಕ್ಕೆ. ಸೆಳೆತ ತಿರುಗಿದರೆ ಹಡಗುಗಳ ಎಡಬಲವೂ ತಿರುಗುತ್ತದೆ. ದಡದ ದೊಡ್ಡ ಫಲಕಗಳಲ್ಲಿ ಆ ಹೊತ್ತಿನ ದಿಕ್ಕು, ವೇಗ ಬೆಳಗುತ್ತಿರುತ್ತದೆ. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಅರ್ಧ ಗಂಟೆ ಹಡಗು ನೋಡಿದರೂ ಬೇಸರ ಬರುವುದಿಲ್ಲ.

ಈ ಸೇತುವೆಯ ಕೆಳಗೆ ಉಮಾಶಿಮಾ ಎನ್ನುವ ಚಿಕ್ಕ ದ್ವೀಪ ಇದೆ. ಕೈಬೆರಳೆಣಿಕೆಯ ಮನೆಗಳು. ಸೇತುವೆಯ ಕಂಬವೊಂದು ಆ ದ್ವೀಪದ ಮೇಲೇ ನಿಂತಿದೆ. ಇಷ್ಟು ಕಡಿಮೆ ಜನ ಇರುವ ಊರಿಗೆ ಏನು ಮಾಡಿದ್ದಾರೆ ಗೊತ್ತಾ? ಸೇತುವೆಯಿಂದ ದ್ವೀಪಕ್ಕೆ ಒಂದು ಲಿಫ್ಟ್. ಸೈಕಲ್ ಸಮೇತ ಒಳಗೆ ಹೋಗಿ ಕೆಳಗಿಳಿಯಬಹುದು. ದ್ವೀಪದವರ ಕಾರಿಗೆ ಅಂತಲೇ ಹೆದ್ದಾರಿಯಿಂದ ಇಳಿಯುವ ದಾರಿಯೂ ಇದೆ, ಬೇರೆಯವರ ಕಾರಿಗೆ ಪ್ರವೇಶ ಇಲ್ಲ. ನಾನು ಆರಂಭದಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ಹತ್ತಿರ ಇಲ್ಲ.

ಸೇತುವೆ ಇಳಿದರೆ ಇಮಬಾರಿ. ಟವೆಲ್ಲಿಗೂ ಹಡಗಿಗೂ ಹೆಸರಾದ ಊರು. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗನ್ನು ಕಟ್ಟಿದ್ದು ಈ ಊರಿನ ಕಂಪನಿಯೇ.

ಎಲ್ಲವೂ ಚೆಂದ ಅಂತ ಹೇಳಿ ಹೋಗಲು ಮನಸ್ಸು ಬರುತ್ತಿಲ್ಲ. ಸೇತುವೆ ಬಂದ ಮೇಲೆ ಹಳೆಯ ಫೆರ‍್ರಿಗಳು ಒಂದೊಂದಾಗಿ ನಿಂತವು. ಫೆರ‍್ರಿ ನಿಂತರೆ ಬಂದರಿನ ಬೀದಿಯ ಅಂಗಡಿ ನಿಲ್ಲುತ್ತದೆ. ದ್ವೀಪದವರು ಸುಲಭವಾಗಿ ಪೇಟೆಗೆ ಹೋಗುವಂತಾಯಿತು, ಹಾಗೇ ಕೆಲವರು ಪೇಟೆಯಲ್ಲೇ ಉಳಿದರು. ದಾರಿಯುದ್ದಕ್ಕೂ ಮುಚ್ಚಿದ ಶಾಲೆ, ಬೀಗ ಹಾಕಿದ ಮನೆ, ಕಿತ್ತಳೆ ಕೊಯ್ಯುವವರಿಲ್ಲದ ತೋಟ ಕಾಣುತ್ತವೆ. ಈಗ ಅದೇ ಬೀದಿಗಳಲ್ಲಿ ಸೈಕಲ್‌ನವರಿಗೆ ನೀರು, ಶೌಚಾಲಯ, ಗಾಳಿ ಹೊಡೆಯುವ ಪಂಪು ಇಟ್ಟಿರುವ ಮನೆ, ಅಂಗಡಿಗಳಿವೆ. ಓಯಸಿಸ್ ಅಂತ ಬೋರ್ಡು ಇರುತ್ತದೆ. ಅಲ್ಲಿ ಒಂದು ಕಾಫಿ ಕುಡಿಯಿರಿ, ಎರಡು ನಿಂಬೆ ಕೊಳ್ಳಿ. ಒಂದೇ ಉಸಿರಿಗೆ 70 ಕಿಲೋಮೀಟರ್ ಓಡಿಸಿ ಟೈಮ್ ಎಷ್ಟಾಯಿತು ಅಂತ ಆ್ಯಪ್‌ಗೆ ಹಾಕುವವರಿಂದ ದ್ವೀಪಕ್ಕೆ ಏನೂ ಸಿಗುವುದಿಲ್ಲ, ಅಲ್ವಾ?

ಪ್ರಶ್ನೋತ್ತರ

ನಮ್ಮ ಸೈಕಲ್ ತೆಗೆದುಕೊಂಡು ಹೋಗಬೇಕಾ, ಅಲ್ಲೇ ಬಾಡಿಗೆಗೆ ಸಿಗುತ್ತದಾ?

ಸಿಗುತ್ತದೆ. ದಾರಿಯುದ್ದಕ್ಕೂ ಬಾಡಿಗೆ ಕೇಂದ್ರಗಳಿವೆ, ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಬ್ಯಾಟರಿ ಸೈಕಲ್, ಜೋಡಿ ಸೈಕಲ್‌ಗಳಿಗೆ ಆ ಅನುಕೂಲ ಇಲ್ಲದಿರಬಹುದು, ಮೊದಲೇ ಕೇಳಿ. ಸ್ವಂತ ಸೈಕಲ್ ಒಯ್ದರೆ ರೈಲಿನಲ್ಲಿ ಚಕ್ರ ಬಿಚ್ಚಿ ಪೂರ್ತಿ ಚೀಲದೊಳಗೆ ಹಾಕಬೇಕು, ಹ್ಯಾಂಡಲ್ ಹೊರಗೆ ಚಾಚಿದರೂ ಒಪ್ಪುವುದಿಲ್ಲ. ದೊಡ್ಡ ಸಾಮಾನನ್ನು ಕೊರಿಯರ್‌ನಲ್ಲಿ ಒಂದು ಹೋಟೆಲ್‌ನಿಂದ ಮುಂದಿನ ಹೋಟೆಲ್‌ಗೆ ಕಳಿಸಿಬಿಡಿ, ಅಲ್ಲಿ ಆ ವ್ಯವಸ್ಥೆ ಗಟ್ಟಿ. ಹೆಲ್ಮೆಟ್ ಹಾಕಿ. 2023ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನ ಸವಾರರೂ ಹಾಕಲು ಪ್ರಯತ್ನಿಸಬೇಕು ಅಂತ ಕಾನೂನೇ ಇದೆ.

ಸಸ್ಯಾಹಾರಿಗಳ ಗತಿ ಏನು?

ಕಷ್ಟವೇ. ಮಾಂಸ ಕಾಣದಿದ್ದರೂ ಸಾರಿನಲ್ಲಿ, ಸಾಸಿನಲ್ಲಿ ಮೀನಿನ ರಸ ಇರುತ್ತದೆ. ಹಣ್ಣು, ಬ್ರೆಡ್ಡು, ತೋಫು, ಬರೀ ಅನ್ನಕ್ಕೆ ತೊಂದರೆ ಇಲ್ಲ. ನಾನಂತೂ ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಂಡೇ ಹೋಗುವವನು. ಉಳಿಯುವ ಮನೆಯವರಿಗೆ ಮೊದಲೇ ಬರೆದು ತಿಳಿಸಿದರೆ ಏನಾದರೂ ದಾರಿ ಮಾಡುತ್ತಾರೆ.

ಯಾವ ಕಾಲ ಒಳ್ಳೆಯದು?

ಏಪ್ರಿಲ್-ಮೇ, ಇಲ್ಲವೇ ಅಕ್ಟೋಬರ್-ನವೆಂಬರ್. ಜೂನ್‌ನಲ್ಲಿ ಮಳೆ, ಜುಲೈ-ಆಗಸ್ಟ್‌ನಲ್ಲಿ ಬೆವರು, ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ. ಚಳಿಗಾಲದಲ್ಲೂ ಆಗುತ್ತದೆ, ಸೇತುವೆಯ ಮೇಲೆ ಗಾಳಿ ಕೊರೆಯುತ್ತದೆ ಅಷ್ಟೆ, ಆದರೆ ಕಿತ್ತಳೆ, ನಿಂಬೆ ಮರದಲ್ಲಿರುತ್ತವೆ.

ಅಪ್ಪ ಅಮ್ಮ, ಮಕ್ಕಳನ್ನು ಕರೆದುಕೊಂಡು ಹೋದರೆ? ಅರ್ಧದಲ್ಲಿ ಸುಸ್ತಾದರೆ?

ಪೂರ್ತಿ ಮಾಡಲೇಬೇಕು ಅಂತ ಯಾರು ಹೇಳಿದರು? ಒನೊಮಿಚಿಯಿಂದ ಸೆತೊದಾಗೆ ಹಡಗು ಇದೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತಾರೆ. ಅದರಲ್ಲಿ ಹೋಗಿ, ಸೆತೊದಾ ನೋಡಿ, ತತಾರಾ ಸೇತುವೆ ದಾಟಿ, ಆಚೆ ದಡದಲ್ಲಿ ಐಸ್‌ಕ್ರೀಮ್ ತಿಂದು ವಾಪಸ್ ಬಂದರೂ ಒಂದು ದಿನಕ್ಕೆ ಬೇಕಾದಷ್ಟಾಯಿತು. ಬಸ್ಸೂ ಇದೆ. ಸೈಕಲ್ ಕೆಟ್ಟರೆ ದ್ವೀಪದ ಗ್ಯಾರೇಜಿನವರು, ಟ್ಯಾಕ್ಸಿಯವರು ಸೇರಿ ಮಾಡಿಕೊಂಡ ಸಹಾಯದ ಏರ್ಪಾಡಿದೆ, ಬಾಡಿಗೆ ಕೇಂದ್ರದಲ್ಲಿ ಫೋನ್ ನಂಬರ್ ಇರುವ ನಕ್ಷೆ ಕೇಳಿ ಇಟ್ಟುಕೊಳ್ಳಿ. ಕೊನೆಯ ಹಡಗು ಎಷ್ಟು ಗಂಟೆಗೆ ಅಂತ ಮಾತ್ರ ಬೆಳಿಗ್ಗೆಯೇ ವಿಚಾರಿಸಿ. ಸಂಜೆ ಬೇಗ ನಿಂತುಹೋಗುತ್ತದೆ.